ಕಾಯುವುದು

ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ ಹತ್ತೊಂಬತ್ತು ವರ್ಷ
ನೀರನ್ನು ಕಲ್ಲು ಮಾಡಿದವನು ನಾನು.
ಕಂಪ್ರೆಸರ್ ಕೆಮ್ಮಿದರೆ ನಿದ್ದೆಯಲ್ಲೇ ಎದ್ದು ಕೂರುವವನು,
ಅಮೋನಿಯ ಎಳೆಯಷ್ಟು ಸೋರಿದರೂ
ಮೂಗಿನ ತುದಿಯಲ್ಲೇ ಹಿಡಿಯುವವನು.
ಅಂಥವನಿಗೆ ಒಂದು ಪಾತ್ರೆ ನೀರನ್ನು
ಅರವತ್ತಾರು ಡಿಗ್ರಿಯಲ್ಲಿ ಒಂದೇ ಒಂದು ಗಂಟೆ
ನಿಲ್ಲಿಸಲು ಬರಲಿಲ್ಲ ಎಂದರೆ ಯಾರು ನಂಬುತ್ತಾರೆ?

ಶುರು ಹಚ್ಚಿದವನು ಭಾವ ದತ್ತಾರಾಮ.
ಹಡಗಿನಿಂದ ಇಳಿದು ಚೀಲ ಬಿಚ್ಚಿದ:
ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಹನ್ನೆರಡು ಕಿಲೊ,
ಚಹಾಪುಡಿಯ ಹಾಗೆ ಕಟ್ಟಿದ ಹಾಪ್ಸ್ ಹೂವು,
ಆರು ಪೊಟ್ಟಣ ಯೀಸ್ಟು.
'ಡಬ್ಬಿಯ ಪಾಕ ಕಲಸಿ ಯಾರೂ ಬಿಯರು ಮಾಡಿಯಾರು.
ಕಾಳಿನಿಂದಲೇ ಮಾಡು, ಉಲ್ಲಾಸ, ನೋಡುವ.'
ನೋಡುವ ಎಂದವನು
ಹದಿನೈದು ದಿನಕ್ಕೆ ಮತ್ತೆ ಹಡಗು ಹತ್ತಿದ.

ಕೋಡಿಬಾಗದ ಗಿರಣಿಗೆ ಒಯ್ದೆ ಎರಡು ಕಿಲೊ.
ವಿಠೋಬ ರೊಟ್ಟಿಗೆಂದೇ ತಿಳಿದು
ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗೆ ಬೀಸಿದ.
ಬಿಸಿನೀರಿಗೆ ಬಿದ್ದದ್ದೇ ತಡ, ಎಲ್ಲ ಅಂಟು.
ನಲ್ಲಿ ತಿರುವಿದರೆ ಹನಿ ಇಲ್ಲ.
ಊದಿದೆ, ಕುಟ್ಟಿದೆ, ತಂತಿ ತೂರಿಸಿದೆ,
ರಾತ್ರಿ ಎರಡಕ್ಕೆ ಹಳೆ ಸೀರೆಯಲ್ಲಿ ಹಿಂಡಿದೆ.
ಬೆಳಿಗ್ಗೆ ಪ್ರಮೀಳಾ ಸೀರೆಯನ್ನು ಬೆಳಕಿಗೆ ಹಿಡಿದು
'ಗೋಡೆಗೆ ಪೋಸ್ಟರ್ ಅಂಟಿಸಲಿಕ್ಕೆ ಆದೀತು' ಎಂದಳು.

ಮುಂದಿನ ಸಲ ಉರಿಯ ಜೊತೆ ಜಗಳ.
ಸಣ್ಣಗಿಟ್ಟರೆ ಐವತ್ತೆಂಟು, ದೊಡ್ಡದಾದರೆ ಎಪ್ಪತ್ತೊಂಬತ್ತು.
ಅಂಕೋಲೆಯ ಎಕ್ಸ್‌ಪ್ರೆಸ್ ಬಸ್ಸು ಚೆಂಡಿಯಾದಲ್ಲಿ ನಿಲ್ಲದ ಹಾಗೆ
ಅರವತ್ತಾರರಲ್ಲಿ ಮುಳ್ಳು ನಿಲ್ಲಲೇ ಇಲ್ಲ.
ಬಿಳಿ ಬಸಿಯ ಮೇಲೆ ಒಂದು ತೊಟ್ಟು ರಸ,
ಅದಕ್ಕೊಂದು ತೊಟ್ಟು ಟಿಂಚರ್ ಅಯೋಡಿನ್:
ಕಪ್ಪು. ಕಾಡಿಗೆಗಪ್ಪು.
ಹಿಟ್ಟು ಇನ್ನೂ ಹಿಟ್ಟೇ, ಸಿಹಿಯಾಗಲು ಒಪ್ಪಿಲ್ಲ.

ಮೂರನೆಯದು ಮೇ ತಿಂಗಳ ಸೆಕೆಗೆ ಹುಳಿಯಿತು.
ಬಚ್ಚಲಿಗೆ ಸುರಿಯುವಾಗ ಒಂದು ಬಾಟಲಿ ಕಸಿದುಕೊಂಡು
ಪ್ರಮೀಳಾ ಸಿಗಡಿ ಉಪ್ಪಿನಕಾಯಿಗೆ ಹಾಕಿದಳು.
ಬಂದವರೆಲ್ಲ ಬೆರಳು ನೆಕ್ಕಿದರು.
ನಾನದನ್ನು ಸೋಲಿನ ಲೆಕ್ಕಕ್ಕೇ ಬರೆದುಕೊಂಡೆ,
ಉಳಿದ ಆರು ಕಿಲೊವನ್ನು
ಕಣ್ಣಿಗೆ ಬೀಳದಂತೆ ಅಟ್ಟಕ್ಕೆ ಎಸೆದೆ.

ಜೂನ್ ಒಂದು. ಟ್ರಾಲರುಗಳು ದಡಕ್ಕೆ ಕಟ್ಟಿದವು,
ಐಸು ಬೇಡ ಯಾರಿಗೂ.
ಊರಿಗೆ ಹೋಗದೆ ಉಳಿದ ಒಡಿಶಾದ ಬನಮಾಲಿ
ಕುದಿವ ಗಂಜಿಯ ಪಾತ್ರೆಯನ್ನು ಮೀನಿನ ಐಸ್ ಪೆಟ್ಟಿಗೆಗಿಳಿಸಿ
ಮುಚ್ಚಿದ. 'ಏ ಹುಚ್ಚಾ, ತಣ್ಣಗಾಗ್ತದೆ!'
ಅವನು ಉತ್ತರ ಕೊಡದೆ ಬಲೆ ಹೊಲಿಯತೊಡಗಿದ.
ಮೂರು ತಾಸಿನ ಮೇಲೆ ತೆರೆದಾಗ
ಹಬೆ ನನ್ನ ಮುಖಕ್ಕೇ ಹೊಡೆಯಿತು.

ಪೆಟ್ಟಿಗೆಗೇನು ಗೊತ್ತು ಒಳಗಿರುವುದು ಚಳಿಯೋ ಕಾವೋ?
ಕೊಟ್ಟದ್ದನ್ನು ಕಾಯುತ್ತದೆ.
ಹತ್ತೊಂಬತ್ತು ವರ್ಷ
ನಾನು ಅರ್ಧ ಪೆಟ್ಟಿಗೆಯನ್ನಷ್ಟೇ ಕಂಡಿದ್ದೆ.

ನಾಲ್ಕನೆಯದು ಬಂಗಡೆ ನಾರಿತು. ಹಳೇ ಪೆಟ್ಟಿಗೆ.
ಚೆಲ್ಲುತ್ತಾ ನಕ್ಕೆ, ಈ ಕೆಲಸ ಹಿಡಿದ ಮೇಲೆ ಮೊದಲ ಸಲ.

ಹೊಸ ಪೆಟ್ಟಿಗೆ ಕೊಂಡೆ. ಗಿರಣಿಯಲ್ಲಿ ಪಕ್ಕದಲ್ಲೇ ನಿಂತೆ:
'ಒಡೆದರೆ ಸಾಕು ವಿಠೋಬ, ಪುಡಿ ಬೇಡ,
ಹೊಟ್ಟು ಇಡಿಯಾಗಿರಲಿ, ಅದೇ ನನ್ನ ಜರಡಿ.'
ನೀರು ಕಾದಿತ್ತು. ಕಾಳಿಗೆ ಸುರಿದು ಮುಚ್ಚಿದೆ.
ಪೆಟ್ಟಿಗೆ ಕಾಯಿತು.
ಮುಚ್ಚಳ ಎತ್ತಲು ಹೊರಟ ಕೈಯನ್ನು
ಇನ್ನೊಂದು ಕೈಯಲ್ಲಿ ಹಿಡಿದುಕೊಂಡು
ನಾನೂ ಕಾದೆ.
ಹೊರಗೆ ಜಡಿಮಳೆ, ಬಂದರಿನ ದೀಪ ಕಂಡೂ ಕಾಣದ ಹಾಗೆ.

ಬಸಿಯ ಮೇಲೆ ಒಂದು ತೊಟ್ಟು, ಅದಕ್ಕೊಂದು ತೊಟ್ಟು.
ಚಹಾದ ಬಣ್ಣ. ಚಹಾದ ಬಣ್ಣವೇ.
ನಲ್ಲಿ ತಿರುವಿದೆ, ಹರಿಯಿತು.

ಆಗಸ್ಟಿನಲ್ಲಿ ದೋಣಿಗಳು ಹೊರಟವು, ಬನಮಾಲಿಯೂ ಹೊರಟ.
ಎರಡು ಪಾಳಿ ಮುಗಿಸಿ ಬಂದ ರಾತ್ರಿ
ಸ್ಟೀಲ್ ಲೋಟಕ್ಕೆ ಬಗ್ಗಿಸಿದೆ. ನೊರೆ ತುಸು ಕಮ್ಮಿ,
ತಳದಲ್ಲಿ ಮಂಕು.
ಪ್ರಮೀಳಾ ಒಂದು ಗುಟುಕು ಕುಡಿದು, ಹುಬ್ಬು ಗಂಟಿಕ್ಕಿ,
ಇನ್ನೊಂದು ಕುಡಿದು, ತುಟಿ ಒರೆಸಿ
'ಉಪ್ಪಿನಕಾಯಿಗೆ ಇದು ಆಗುವುದಿಲ್ಲ' ಎಂದಳು.
ಲೋಟವನ್ನು ಮಾತ್ರ ಹಿಂದೆ ಕೊಡಲಿಲ್ಲ.